ಕಿತ್ತಳೆ ವಾಸನೆಯ ಕ್ರ್ಯಾನ್‌ಬೆರಿ, ನಮ್ಮೂರ ಕವಳಿ ಹಣ್ಣು

ಹೋದ ನವೆಂಬರ್‌ನಲ್ಲಿ ತಮ್ಮ ಬಾಸ್ಟನ್‌ನಿಂದ ಬಂದಿದ್ದ. ಅವನ ಸೂಟ್‌ಕೇಸ್ ತೆರೆದರೆ ಯಾವಾಗಲೂ ಬಾದಾಮಿ, ಚಾಕೊಲೇಟು, ಯಾರಿಗೂ ಆಗದ ಒಂದು ಟೀ ಶರ್ಟು. ಈ ಸಲ ಮೂಲೆಯಲ್ಲಿ ಒಂದು ದೊಡ್ಡ ಪ್ಯಾಕೆಟ್ ಇತ್ತು, ಅರ್ಧ ಕಿಲೋಗಿಂತ ಜಾಸ್ತಿ. "ತಗ ಅಕ್ಕಾ, ನೀ ಕೇಕ್ ಗೀಕ್ ಮಾಡ್ತೆ ಅಲ್ದಾ" ಅಂತ ಕೈಗಿಟ್ಟ. ಮೇಲೆ ಕ್ರ್ಯಾನ್‌ಬೆರಿಯ ಚಿತ್ರ, ಪಕ್ಕದಲ್ಲಿ ಅರ್ಧ ಹೋಳು ಕಿತ್ತಳೆಯ ಚಿತ್ರ. ಕಿತ್ತಳೆ ಪರಿಮಳ ಸೇರಿಸಿದ ಒಣ ಕ್ರ್ಯಾನ್‌ಬೆರಿ.

ಕತ್ತರಿಸಿದ ತಕ್ಷಣ ಮನೆಯೆಲ್ಲಾ ವಾಸನೆ. ಕಿತ್ತಳೆ ಹಣ್ಣಿನದಲ್ಲ. ಚಿಕ್ಕಂದಿನಲ್ಲಿ ತಿನ್ನುತ್ತಿದ್ದ ಕಿತ್ತಳೆ ತೊಳೆ ಆಕಾರದ ಪೆಪ್ಪರ್‌ಮಿಂಟ್ ನೆನಪಿದೆಯಾ? ಮೇಲೆ ಸಕ್ಕರೆ ಉದುರಿಸಿರುತ್ತಿದ್ದರಲ್ಲ, ಅದರದ್ದು. ಒಳಗಿನ ರೂಮಿನಿಂದ ಅತ್ತೆ "ಯಾರಮ್ಮ ಕಿತ್ತಳೆ ಸುಲೀತಿರೋದು?" ಅಂತ ಕೇಳಿದರು. ಅಷ್ಟು ಜೋರು. ನನಗೆ ಆಗಲೇ ತಲೆಯಲ್ಲಿ ಲೆಕ್ಕ ಶುರುವಾಗಿತ್ತು.

ಯಾಕಂದ್ರೆ ಅದೇ ವಾರ ಮೇಲಿನ ಮನೆಯ ಆಂಟಿ ಕೊನೆಗೂ ತಮ್ಮ ಕ್ರಿಸ್‌ಮಸ್ ಕೇಕಿನ ಅಳತೆ ಕೊಟ್ಟಿದ್ದರು. ಆಂಟಿ ಮಂಗಳೂರು ಕಡೆಯವರು, ಮೈಸೂರಿಗೆ ಬಂದು ಮೂವತ್ತು ವರ್ಷವಾಗಿದೆ. ಡಿಸೆಂಬರ್ ಬಂದರೆ ಅವರ ಮನೆಯಿಂದ ನಮ್ಮ ಮನೆಗೆ ಒಂದು ತಟ್ಟೆ ಕುಸ್ವಾರ್, ಅಂದ್ರೆ ಕ್ರಿಸ್‌ಮಸ್ ತಿಂಡಿ, ಇಳಿಯುತ್ತದೆ. ಕಿಡ್ಯೊ, ನೆವ್ರಿ, ಜೊತೆಗೆ ಕಪ್ಪನೆ ಕೇಕಿನ ಎರಡು ತುಂಡು. ಆ ಕೇಕಿಗಾಗಿ ಅವರು ಅಕ್ಟೋಬರ್‌ನಲ್ಲೇ ಗಾಜಿನ ಭರಣಿಯಲ್ಲಿ ಹಣ್ಣು ರಮ್ಮಿನಲ್ಲಿ ನೆನೆಸಿಡುತ್ತಾರೆ. ಅಳತೆ ಬರೆದುಕೊಟ್ಟಿದ್ದು ಕರೆಂಟ್ ಬಿಲ್ಲಿನ ಹಿಂದೆ: ಮೈದಾ 250 ಗ್ರಾಂ, ಬೆಣ್ಣೆ 200, ಸಕ್ಕರೆ 200, ಮೊಟ್ಟೆ 4, ಒಣದ್ರಾಕ್ಷಿ 200, ಸಕ್ಕರೆ ಪಾಕದ ಕಿತ್ತಳೆ ಸಿಪ್ಪೆ 50, ಚೆರ್ರಿ 50, ಗೋಡಂಬಿ 50. ಬಣ್ಣಕ್ಕೆ ಸುಟ್ಟ ಸಕ್ಕರೆಯ ನೀರು. ಮಸಾಲೆ "ನಿನ್ನ ಅಂದಾಜು".

ನಾನು ಆ ಚೀಟಿ ನೋಡಿದೆ, ಪ್ಯಾಕೆಟ್ ನೋಡಿದೆ. ದ್ರಾಕ್ಷಿಯೂ ಒಣಹಣ್ಣು, ಇದೂ ಒಣಹಣ್ಣು. ಕಿತ್ತಳೆ ಸಿಪ್ಪೆ ಬೇಕು, ಇದರಲ್ಲಿ ಕಿತ್ತಳೆ ಇದೆ. 200 ಪ್ಲಸ್ 50, ಒಟ್ಟು 250 ಗ್ರಾಂ ಕ್ರ್ಯಾನ್‌ಬೆರಿ ಸುರಿದರೆ ಎರಡು ಕೆಲಸ ಒಂದೇ ಏಟಿಗೆ ಮುಗಿಯಿತು. ಸಿಪ್ಪೆ ಹೆಚ್ಚುವ ಕೆಲಸವೂ ಉಳಿಯಿತು. ಬುದ್ಧಿವಂತಿಕೆ ಅಂದ್ರೆ ಇದು ಅಂದುಕೊಂಡೆ.

ಕೇಕು ಓವನ್ನಿನಲ್ಲಿದ್ದಾಗ ಅಡುಗೆಮನೆ ಸ್ವರ್ಗ. ಕಿತ್ತಳೆ ಘಮ ಹಾಲ್ ದಾಟಿ ಮೆಟ್ಟಿಲಿಗೆ ಹೋಗಿ, ಮೇಲಿನ ಮನೆಯ ಆಂಟಿ ಬಗ್ಗಿ ನೋಡಿದರು. ನಾನು ಬೀಗುತ್ತಿದ್ದೆ. ಒಂದು ಗಂಟೆ ಇಪ್ಪತ್ತು ನಿಮಿಷ ಆದಮೇಲೆ ತೆಗೆದೆ, ಆರಲು ಬಿಟ್ಟೆ, ಮರುದಿನ ಕತ್ತರಿಸಿದೆ. ಮೇಲಿನ ಎರಡಿಂಚು ಬರೀ ಕೇಕು. ಹಣ್ಣೆಲ್ಲಾ ತಳದಲ್ಲಿ ಗಸಿ ಕಟ್ಟಿದ ಹಾಗೆ ಕೂತಿತ್ತು. ಮೇಲ್ಗಡೆ ಉಳಿದಿದ್ದ ನಾಲ್ಕೈದು ಸುಟ್ಟು ಇದ್ದಿಲಾಗಿ, ಕಹಿ. ಕೇಕು ಒಣಗಲು. ತಿಂದರೆ ಮೊದಲು ಸಿಕ್ಕಾಪಟ್ಟೆ ಸಿಹಿ, ಆಮೇಲೆ ಹುಳಿ. ಕಿತ್ತಳೆ? ಅದು ಮಾತ್ರ ಇಲ್ಲ. ನಿನ್ನೆ ಮೆಟ್ಟಿಲವರೆಗೆ ಹೋಗಿದ್ದ ಕಿತ್ತಳೆ ವಾಪಸ್ಸು ಬಂದಿರಲಿಲ್ಲ.

ಆಂಟಿಗೆ ಒಂದು ತುಂಡು ಕೊಟ್ಟೆ. ಅವರು ಒಳ್ಳೆಯವರು. "ಹಲ್ಲಿಗೆ ಒಳ್ಳೆ ಕೆಲಸ ಮಾರಾಯ್ತಿ" ಅಂದರು ಅಷ್ಟೇ.

ಸುಮ್ನೆ ಬಿಟ್ಟುಬಿಡಬಹುದಿತ್ತು. ಆದರೆ ಉಳಿದ ಪ್ಯಾಕೆಟ್ ಫ್ರಿಜ್ಜಿನಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಒಂದು ಹಿಡಿ ತೆಗೆದು ಬಿಸಿನೀರಿಗೆ ಹಾಕಿದೆ. ಹತ್ತು ನಿಮಿಷಕ್ಕೆ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಮೇಲೆ ಎಣ್ಣೆಯ ಸಣ್ಣ ಸಣ್ಣ ಚುಕ್ಕೆ ತೇಲಿದವು. ಒಂದು ಚಮಚ ಕುಡಿದು ನೋಡಿದೆ: ಶರಬತ್ತು. ಚೆನ್ನಾಗಿ ಸಿಹಿ, ಕಿತ್ತಳೆ ವಾಸನೆಯೂ ಅದರಲ್ಲೇ. ಈಗ ಹಣ್ಣನ್ನು ಬಾಯಿಗೆ ಹಾಕಿಕೊಂಡರೆ ಹುಳಿ ಹುಳಿ ಸಿಪ್ಪೆ, ವಾಸನೆ ಅರ್ಧಕ್ಕರ್ಧ ಹೋಗಿತ್ತು. ಅಂದ್ರೆ ಕಿತ್ತಳೆ ವಾಸನೆ ಹಣ್ಣಿನ ಒಳಗೆ ಅಷ್ಟಾಗಿ ಇಳಿದಿರಲೇ ಇಲ್ಲ. ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸಿದ ಹಾಗೆ ಮೇಲ್ಮೇಲೆ ಇತ್ತು.

ತಮ್ಮ ಇರುವ ಮ್ಯಾಸಚೂಸೆಟ್ಸ್‌ನಲ್ಲೇ ಕ್ರ್ಯಾನ್‌ಬೆರಿ ಬೆಳೆಯುತ್ತಾರೆ, ಅದಕ್ಕಿಂತ ಜಾಸ್ತಿ ವಿಸ್ಕಾನ್ಸಿನ್‌ನಲ್ಲಿ. ಕೊಯ್ಲಿನ ಹೊತ್ತಿಗೆ ಗದ್ದೆಗೆ ನೀರು ಬಿಡುತ್ತಾರೆ. ಹಣ್ಣಿನ ಒಳಗೆ ಗಾಳಿಯ ಪುಟ್ಟ ಕೋಣೆಗಳಿರುವುದರಿಂದ ಎಲ್ಲಾ ತೇಲುತ್ತವೆ, ಕೆಂಪು ಕೆರೆ ಥರ. ತಮ್ಮ ಫೋಟೋ ಕಳಿಸಿದ್ದ. ಹಸಿ ಹಣ್ಣು ಎಷ್ಟು ಹುಳಿ ಅಂದ್ರೆ ಹಾಗೇ ಒಣಗಿಸಿದರೆ ತಿನ್ನೋಕಾಗಲ್ಲ. ಹಾಗಾಗಿ ಹೋಳು ಮಾಡಿ ರಸ ತೆಗೆದು, ಉಳಿದ ಸಿಪ್ಪೆಗೆ ಸಕ್ಕರೆ ಪಾಕ ಕುಡಿಸಿ ಒಣಗಿಸುತ್ತಾರೆ. ಒಂದಕ್ಕೊಂದು ಅಂಟದಿರಲಿ ಅಂತ ಮೇಲೆ ಸ್ವಲ್ಪ ಎಣ್ಣೆ. ಪರಿಮಳ ಬೇರೆ ಬೇರೆ ಬೇಕಾದರೆ ಅದನ್ನೂ ಸೇರಿಸುತ್ತಾರೆ: ಕಿತ್ತಳೆ, ಚೆರ್ರಿ, ದಾಳಿಂಬೆ, ನಿಮಗೆ ಯಾವುದು ಬೇಕು ಹೇಳಿ. ಹೀಗೆ ಸಿಹಿ ಮಾಡಿದ ಒಣ ಕ್ರ್ಯಾನ್‌ಬೆರಿಯಲ್ಲಿ 100 ಗ್ರಾಂಗೆ ಸುಮಾರು 70 ಗ್ರಾಂ ಸಕ್ಕರೆ. ಒಣದ್ರಾಕ್ಷಿಯಲ್ಲಿ ಸುಮಾರು 60, ಅದೂ ದ್ರಾಕ್ಷಿಯದೇ.

ನನ್ನ ಕೇಕಿನ ಒಂದೊಂದು ಕಾಯಿಲೆಗೂ ಮದ್ದು ಆ ಲೋಟದ ನೀರಿನಲ್ಲೇ ಇತ್ತು. ಎಣ್ಣೆ ಸವರಿದ ಹಣ್ಣಿಗೆ ಹಿಟ್ಟು ಅಂಟುವುದಿಲ್ಲ, ಜಾರಿ ತಳ ಸೇರುತ್ತದೆ. (ಮೈದಾ ಸವರಿದರೆ ಮುಳುಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ಕಲಸಿದ ಹಿಟ್ಟು ತೆಳ್ಳಗಿದ್ದರೆ ಏನು ಸವರಿದರೂ ಮುಳುಗುತ್ತದೆ. ನಾನು ನಾಲ್ಕು ಮೊಟ್ಟೆ ಅನ್ನೋ ಕಡೆ ದೊಡ್ಡ ದೊಡ್ಡ ನಾಲ್ಕು ಹಾಕಿದ್ದೆ.) ಮೇಲೆ ತೇಲಿದ್ದು ಸುಟ್ಟಿದ್ದಕ್ಕೆ ಹೊರಗಿನ ಸಕ್ಕರೆಯೇ ಕಾರಣ. ಇನ್ನು ವಾಸನೆ. ಓವನ್ 160 ಡಿಗ್ರಿ ಇದ್ದರೂ ಕೇಕಿನ ಒಳಗೆ ಹೆಚ್ಚೆಂದರೆ ನೂರರ ಹತ್ತಿರ. ಆದರೆ ಒಂದು ಗಂಟೆ ಕಾಲ ನೀರು ಆವಿಯಾಗಿ ಹೊರಡುವಾಗ ಇಂಥ ಹಗುರ ಪರಿಮಳ ಅದರ ಬಾಲ ಹಿಡಿದು ಹೊರಡುತ್ತದೆ. ಮನೆಯೆಲ್ಲಾ ಘಮಘಮ ಅಂದಿತ್ತಲ್ಲ, ಆಗಲೇ ನನಗೆ ಗೊತ್ತಾಗಬೇಕಿತ್ತು. ಮೂಗಿಗೆ ಬಂದದ್ದೆಲ್ಲಾ ಕೇಕಿನಿಂದ ಕಳೆದುಹೋದದ್ದು.

ಒಣಗಲಾದದ್ದು ಮಾತ್ರ ಬೇರೆ ಕಥೆ. ಅದಕ್ಕೆ ದ್ರಾಕ್ಷಿ ಬೇಕು.

ಆಫೀಸಿನಲ್ಲಿ ವಿಜಯಪುರ ಜಿಲ್ಲೆ ತಿಕೋಟದ ಕಡೆಯ ಗೆಳತಿ ಒಬ್ಬಳಿದ್ದಾಳೆ. ಅವರ ಮನೆಯಲ್ಲಿ ದ್ರಾಕ್ಷಿ ತೋಟ. ಅವಳು ಒಣದ್ರಾಕ್ಷಿ ಅನ್ನಲ್ಲ, ಮಣೂಕ ಅನ್ನುತ್ತಾಳೆ. ಹಸಿರು ದ್ರಾಕ್ಷಿ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಲ್ಲಿ ಅದ್ದುತ್ತಾರಂತೆ. ಸಿಪ್ಪೆಯ ಮೇಲಿನ ಮೇಣ ಬಿಟ್ಟುಕೊಂಡು ನೀರು ಬೇಗ ಹೊರಗೆ ಬರುತ್ತದೆ. ಆಮೇಲೆ ಶೆಡ್ಡಿನ ನೆರಳಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರವಿ ಎರಡು ವಾರದ ಹತ್ತಿರ ಬಿಡುತ್ತಾರೆ. ಹಳದಿ ಬಣ್ಣ ನಿಲ್ಲಲಿ ಅಂತ ಗಂಧಕದ ಹೊಗೆ ಕೊಡುವುದೂ ಉಂಟು. "ಮಳಿ ಬಂತಂದ್ರ ಎಲ್ಲಾ ಹೋತು" ಅನ್ನುತ್ತಾಳೆ. ಫೆಬ್ರವರಿ ಬಂದರೆ ಅವಳ ಮಾತಿನಲ್ಲಿ ಮೋಡದ ಸುದ್ದಿಯೇ ಜಾಸ್ತಿ.

ಈ ಮಣೂಕ ಕೇಕಿನಲ್ಲಿ ಮಾಡುವ ಕೆಲಸ ಕಣ್ಣಿಗೆ ಕಾಣಲ್ಲ. ಅದರ ಒಳಗೆ ಇನ್ನೂ ತಿರುಳಿದೆ. ನೆನೆಸಿದರೆ ನೀರು ಕುಡಿದು ಉಬ್ಬುತ್ತದೆ, ಬೇಯುವಾಗ ಮೆತ್ತಗಾಗಿ ಸುತ್ತಲ ಕೇಕಿಗೆ ಆ ತೇವ ಬಿಟ್ಟುಕೊಡುತ್ತದೆ. ಕೇಕು ಹತ್ತು ದಿನ ಇಟ್ಟರೂ ಹದವಾಗಿರುವುದು ಅದರಿಂದ. ಕ್ರ್ಯಾನ್‌ಬೆರಿಯ ರಸ ಮೊದಲೇ ಯಾರದ್ದೋ ಬಾಟಲಿಗೆ ಹೋಗಿದೆ. ಉಳಿದದ್ದು ಸಿಪ್ಪೆ, ಸಕ್ಕರೆ. ನೆನೆಸದೆ ಹಾಕಿದರೆ ಅದೇ ಕೇಕಿನ ನೀರು ಎಳೆದುಕೊಳ್ಳುತ್ತದೆ. ತೂಕ ನೋಡಿ 250ಕ್ಕೆ 250 ಹಾಕಿದ್ದು ಸರಿ ಇತ್ತು. ಯಾರು ಏನು ಕೆಲಸ ಮಾಡ್ತಿದ್ದರು ಅಂತ ಕೇಳದೆ ಕೆಲಸದಿಂದ ತೆಗೆದಿದ್ದು ತಪ್ಪು.

ಎರಡನೇ ಸಲ ಹೀಗೆ ಮಾಡಿದೆ. ಕ್ರ್ಯಾನ್‌ಬೆರಿ 125 ಗ್ರಾಂ ಮಾತ್ರ. ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಬಸಿದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಆಮೇಲೆ ಕಿತ್ತಳೆ ರಸದಲ್ಲಿ ರಾತ್ರಿ ಇಟ್ಟೆ. ಜೊತೆಗೆ ಮಣೂಕ 100 ಗ್ರಾಂ, ಅದೂ ಅದೇ ರಸದಲ್ಲಿ. (ನಮ್ಮ ಮನೆಗೆ ರಮ್ಮು ತಂದರೆ ಕೇಕಿಗಿಂತ ಮೊದಲು ನಾನು ಬೇಯುತ್ತೇನೆ.) ಸಕ್ಕರೆ 200ರ ಬದಲು 165. ಇನ್ನು ಕಿತ್ತಳೆ ವಾಸನೆಗೆ ಕಿತ್ತಳೆಯನ್ನೇ ತಂದೆ. ಡಿಸೆಂಬರ್, ದೇವರಾಜ ಮಾರ್ಕೆಟ್ಟಿನಲ್ಲಿ ನಾಗಪುರದ ಹಣ್ಣು ರಾಶಿ ಬಿದ್ದಿತ್ತು. ಎರಡು ಹಣ್ಣು ತೊಳೆದು, ಸಿಪ್ಪೆಯ ಮೇಲಿನ ಬಣ್ಣದ ಪದರವನ್ನು ಮಾತ್ರ ತುರಿದೆ. ಬಿಳಿ ಭಾಗ ಬಂದರೆ ಕಹಿ, ಇದನ್ನು ಕಿತ್ತಳೆ ಸಿಪ್ಪೆ ಗೊಜ್ಜು ಮಾಡುವವರಿಗೆ ಹೇಳಬೇಕಾಗಿಲ್ಲ. ತುರಿಯನ್ನು ಸಕ್ಕರೆಗೆ ಹಾಕಿ ಬೆರಳ ತುದಿಯಲ್ಲಿ ಉಜ್ಜಿದೆ. ಒಂದೆರಡು ನಿಮಿಷಕ್ಕೆ ಸಕ್ಕರೆ ಒದ್ದೆ ಮರಳಿನ ಹಾಗಾಗಿ ಹಳದಿಗೆ ತಿರುಗಿತು, ಬೆರಳು ಜಿಡ್ಡಾಯಿತು. ಆ ಜಿಡ್ಡೇ ಕಿತ್ತಳೆ. ಅದು ಬೆಣ್ಣೆಗೆ ಸೇರಿ ಅಲ್ಲೇ ಕೂತುಕೊಳ್ಳುತ್ತದೆ, ಆವಿಯ ಜೊತೆ ಪೂರ್ತಿ ಎದ್ದು ಹೋಗಲ್ಲ.

ಈ ಸಲ ಬೇಯುವಾಗ ಮನೆ ಅಷ್ಟು ಘಮ್ಮೆನ್ನಲಿಲ್ಲ. ಕೇಕು ಘಮ್ಮಂತು. ಆಂಟಿ ಎರಡನೇ ತುಂಡು ಕೇಳಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಜಾಣತನ. ಆದರೆ ಅತ್ತೆ ಮೊಟ್ಟೆ ತಿನ್ನಲ್ಲ, ಅವರಿಗೆ ಬೇರೆ ಮಾಡಬೇಕಿತ್ತು. ಮೊಸರು, ಅಡುಗೆ ಸೋಡಾ ಹಾಕುವ ಕೇಕು. ಒಣಹಣ್ಣು ಅಂಗಡಿಯಲ್ಲಿ ಚಿಲ್ಲರೆ ಬ್ಲೂಬೆರಿ ಕಂಡಿತು, ತಂದೆ. ಮೊಸರು ಅಷ್ಟು ಹುಳಿ ಇರಲಿಲ್ಲ, ಉಬ್ಬಲಿ ಅಂತ ಸೋಡಾ ಅರ್ಧ ಚಮಚ ಜಾಸ್ತಿ ಹಾಕಿದೆ. ಕತ್ತರಿಸಿದರೆ ಪ್ರತಿ ಹಣ್ಣಿನ ಸುತ್ತ ಹಸಿರು ಉಂಗುರ. ಹಸಿರು ಅಂದ್ರೆ ಪಾಚಿ ಹಸಿರು. ಅತ್ತೆ ಕನ್ನಡಕ ಏರಿಸಿ ನೋಡಿದರು. "ಏನಮ್ಮ ಇದು, ಆಗ್ಲೇ ಬೂಷ್ಟು ಹಿಡ್ದಿದ್ಯಾ?"

ನನಗೆ ಒಂದು ಕ್ಷಣ ಅಂಗಡಿಯವನ ಮೇಲೆ ಸಿಟ್ಟು ಬಂತು, ಏನೋ ಬಣ್ಣ ಹಚ್ಚಿ ಕೊಟ್ಟಿದ್ದಾನೆ ಅಂತ. ತಿರುಗಿಸಿ ನೋಡಿದರೆ ಅವನು ಕೊಟ್ಟಿದ್ದು ನಿಜವಾದ ಹಣ್ಣು. ಬಣ್ಣ ಹಚ್ಚಿದ್ದಿದ್ದರೆ ಹೀಗೆ ಆಗುತ್ತಲೇ ಇರಲಿಲ್ಲ. ಆರತಿ ತಟ್ಟೆಗೆ ಅರಿಶಿನ ಕದಡಿ ಒಂದು ಚಿಟಿಕೆ ಸುಣ್ಣ ಹಾಕಿದರೆ ಕೆಂಪಗಾಗುತ್ತಲ್ಲ, ಆ ಥರದ್ದೇ ಆಟ. ಬ್ಲೂಬೆರಿ, ನೇರಳೆ, ಕೆಂಪು ಕೋಸು, ಇವುಗಳ ಬಣ್ಣ ಹುಳಿ ತಾಗಿದರೆ ಕೆಂಪಿನ ಕಡೆ, ಸೋಡಾ ತಾಗಿದರೆ ನೀಲಿ ಹಸಿರಿನ ಕಡೆ ವಾಲುತ್ತದೆ. ಮೊಸರಿನ ಹುಳಿ ಸಾಕಾಗಿರಲಿಲ್ಲ, ಸೋಡಾ ಮಿಕ್ಕಿತ್ತು. ಒಂದು ಚಮಚ ನಿಂಬೆರಸ ಹಾಕಿದ್ದರೆ ಮುಗಿಯುತ್ತಿತ್ತು. ಅತ್ತೆಗೆ ಅರಿಶಿನ ಸುಣ್ಣದ ಉದಾಹರಣೆ ಕೊಟ್ಟೆ. ಒಪ್ಪಿದರು, ಆದರೆ ತಿನ್ನಲಿಲ್ಲ.

ಆ ಹಸಿರು ಉಂಗುರ ನೋಡುತ್ತಾ ಕೂತಾಗಲೇ ಚೆರ್ರಿಯ ನೆನಪು ಬಂದದ್ದು. ಅದೇ ಕೇಕಿನಲ್ಲಿ ಹತ್ತು ಚೆರ್ರಿಯನ್ನೂ ಹೆಚ್ಚಿ ಹಾಕಿದ್ದೆ. ಅದು ಮಾತ್ರ ಬಳೆ ಅಂಗಡಿ ಕೆಂಪು. ಸೋಡಾಕ್ಕೂ ಹೆದರಿಲ್ಲ, ಶಾಖಕ್ಕೂ ಹೆದರಿಲ್ಲ.

ನಾನು ಯಲ್ಲಾಪುರದ ಕಡೆಯವಳು. ಕಾಲೇಜಿಗೆ ಅಂತ ಮೈಸೂರಿಗೆ ಬಂದಾಗ ಮೊದಲ ಸಲ ಪೇಸ್ಟ್ರಿ ತಿಂದದ್ದು. ಬಿಳಿ ಕ್ರೀಮು, ಮೇಲೆ ಒಂದು ಕೆಂಪು ಚೆರ್ರಿ. ಅದನ್ನು ಪಕ್ಕಕ್ಕೆ ತೆಗೆದಿಟ್ಟು ಕೊನೆಗೆ ತಿನ್ನುತ್ತಿದ್ದೆ. ಅದರಲ್ಲಿ ರುಚಿ ಏನೂ ಇರಲಿಲ್ಲ. ಬರೀ ಸಕ್ಕರೆ, ಸ್ವಲ್ಪ ಕರುಕ್. ಆದರೂ ಚೆರ್ರಿ ತಿಂದೆ ಅನ್ನೋ ಖುಷಿ. ಚೆರ್ರಿ ಅಂದ್ರೆ ಇಂಗ್ಲಿಷ್ ಪುಸ್ತಕದ ಹಣ್ಣು. ಊರಿಗೆ ಹೋದಾಗ ಆಯಿಗೆ ವರ್ಣನೆ ಮಾಡಿದ್ದೆ.

ಇದನ್ನು ಆಂಟಿಗೆ ಹೇಳಿದರೆ ಅವರು ನಕ್ಕರು. "ಅದು ಚೆರ್ರಿ ಅಲ್ಲ ಮಾರಾಯ್ತಿ. ಕರಂಡೆ."

ಡಬ್ಬಿಯಿಂದ ಒಂದು ಚೆರ್ರಿ ತೆಗೆದು ಕಿಟಕಿ ಹತ್ತಿರ ಹಿಡಿದೆ. ನಿಜವಾದ ಚೆರ್ರಿಗೆ ಒಂದೇ ಗಟ್ಟಿ ಗೊರಟೆ. ಇದರ ಮೈಮೇಲೆ ಉದ್ದಕ್ಕೆ ಒಂದು ಸೀಳು, ಅಲ್ಲಿಂದ ಬೀಜ ತೆಗೆದಿದ್ದಾರೆ. ಉಗುರಿನಲ್ಲಿ ಬಿಡಿಸಿದೆ. ಒಳಗೆ ಟೊಳ್ಳು. ಟೊಳ್ಳಿನ ಗೋಡೆಗೆ ಒಂದು ಬೀಜ ಅಂಟಿಕೊಂಡಿತ್ತು, ತಪ್ಪಿಸಿಕೊಂಡದ್ದು. ಚಪ್ಪಟೆ, ತೆಳ್ಳಗೆ, ಅದೂ ಗುಲಾಬಿಯಾಗಿತ್ತು. ನಾಲಿಗೆಯ ಮೇಲಿಟ್ಟೆ. ಈ ಬೀಜವನ್ನು ನಾನು ಬಾಲ್ಯದಲ್ಲಿ ಸಾವಿರ ಸಲ ಉಗುಳಿದ್ದೇನೆ.

ಆಂಟಿಯ ಕರಂಡೆ ನಮ್ಮ ಕವಳಿ. ನಮ್ಮ ಮನೆಯ ಮೇಲಿನ ಬೇಣದಲ್ಲಿ, ಅಂದ್ರೆ ಹುಲ್ಲುಗುಡ್ಡದಲ್ಲಿ, ಕವಳಿ ಮಟ್ಟಿ ಎಷ್ಟು ಬೇಕಾದರೂ ಇತ್ತು. ಏಪ್ರಿಲ್ ಮೇ ರಜೆಯಲ್ಲಿ ನಮ್ಮ ಕೆಲಸವೇ ಅದು. ಎಳೆ ಕಾಯಿ ಉಪ್ಪಿನಕಾಯಿಗೆ ಅಂತ ಆಯಿ ಬುಟ್ಟಿ ಕೊಟ್ಟು ಕಳಿಸುತ್ತಿದ್ದಳು. ಮುಳ್ಳು ಕವಲು ಕವಲು, ಫ್ರಾಕಿಗೆ ಸಿಕ್ಕಿದರೆ ಬಿಡಲ್ಲ. ಕಾಯಿ ಕಿತ್ತರೆ ತೊಟ್ಟಿನಿಂದ ಬಿಳಿ ಹಾಲು. ಅದು ತುಟಿಗೆ ತಾಗಿ ಒಣಗಿದರೆ ಬಾಯಿ ಬಿಡೋಕೆ ಅಂಟು ಅಂಟು. ಹಣ್ಣು ಕಪ್ಪು ನೇರಳೆ ಬಣ್ಣಕ್ಕೆ ಬಂದಮೇಲೆ ಮನೆಗೆ ತರುತ್ತಿರಲಿಲ್ಲ, ಎಲೆಯ ಕೊಟ್ಟೆ ಮಾಡಿಕೊಂಡು ಅಲ್ಲೇ ಮುಗಿಸುತ್ತಿದ್ದೆವು. ತಮ್ಮ ಬೀಜ ಎಷ್ಟು ದೂರ ಉಗುಳುತ್ತೇನೆ ಅಂತ ಪಂದ್ಯ ಕಟ್ಟುತ್ತಿದ್ದ. ಅದೇ ಹಣ್ಣಿನ ಬಣ್ಣ ತೆಗೆದು, ಹುಳಿ ತೆಗೆದು, ಸಕ್ಕರೆ ಕುಡಿಸಿ, ಕೆಂಪು ಹಚ್ಚಿ, ಇಂಗ್ಲಿಷ್ ಹೆಸರಿಟ್ಟು ಕೊಟ್ಟರೆ ನಾನು ಪಕ್ಕಕ್ಕೆ ತೆಗೆದಿಟ್ಟು ಕೊನೆಗೆ ತಿಂದೆ. ಬೇಣದಲ್ಲಿ ಬಿಟ್ಟಿ ಸಿಗುತ್ತಿದ್ದದ್ದಕ್ಕೆ ಮೈಸೂರಿನಲ್ಲಿ ದುಡ್ಡು ಕೊಟ್ಟೆ. ಆಯಿಗೆ ಫೋನ್ ಮಾಡಿ ಹೇಳಿದಾಗ ಆಕಡೆ ಒಂದು ನಿಮಿಷ ನಗು.

ಬೇಕರಿಯವರನ್ನು ಬೈಯುವ ಮನಸ್ಸಿಲ್ಲ. ಟೂಟಿ ಫ್ರೂಟಿ ಹಸಿ ಪರಂಗಿಕಾಯಿ ಅಂತ ಎಲ್ಲರಿಗೂ ಗೊತ್ತು. ಚೌಕ ಚೌಕ ಹೆಚ್ಚಿ, ಬೇಯಿಸಿ, ಪಾಕದಲ್ಲಿ ದಿನದಿಂದ ದಿನಕ್ಕೆ ದಪ್ಪ ಮಾಡುತ್ತಾ ನೆನೆಸಿ, ಕೆಂಪು ಹಸಿರು ಹಳದಿ ಬಣ್ಣ, ವೆನಿಲ್ಲಾ ವಾಸನೆ. ಗೊತ್ತಿದ್ದೂ ಅಯ್ಯಂಗಾರ್ ಬೇಕರಿಯ ದಿಲ್‌ಪಸಂದ್ ಬಿಡಿಸಿ ಕಾಯಿತುರಿಯ ಮಧ್ಯೆ ಕೆಂಪು ತುಂಡು ಹುಡುಕುತ್ತೇವೆ. ಅದನ್ನು ತೆಗೆದು ಬದಲಿಗೆ ದುಬಾರಿ ಕ್ರ್ಯಾನ್‌ಬೆರಿ ಹಾಕಿದರೆ ದಿಲ್‌ಪಸಂದ್ ಆಗಲ್ಲ. ನಾನು ಮಾಡಿ ನೋಡಿದ್ದೇನೆ. ಹುಳಿ ಬಂದು ಕಾಯಿಸಕ್ಕರೆಯ ಮಜಾ ಹೋಯಿತು. ಪರಂಗಿಕಾಯಿಗೆ ಸ್ವಂತ ರುಚಿ ಇಲ್ಲ, ಅದಕ್ಕೇ ಅದು ಅಲ್ಲಿ ಸರಿ. ಅದು ಹಣ್ಣಿನ ಕೆಲಸ ಮಾಡ್ತಿಲ್ಲ, ಬಣ್ಣದ ಕೆಲಸ, ಅಗಿಯುವ ಕೆಲಸ ಮಾಡ್ತಿದೆ.

ಹಾಗೆ ನೋಡಿದರೆ ಪ್ಲಮ್ ಕೇಕಿನಲ್ಲಿ ಪ್ಲಮ್ ಎಲ್ಲಿದೆ? ಹಳೇ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೇ ಪ್ಲಮ್ ಅನ್ನುತ್ತಿದ್ದರು, ಹೆಸರು ಹಾಗೇ ಉಳಿಯಿತು. ನಮ್ಮ ಕಡೆಗೆ ಆ ಕೇಕು ಬಂದ ದಾರಿಯಲ್ಲೂ ಇಂಥದ್ದೇ ಕಥೆ. ಕೇರಳದ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಎಂಬುವರು ಬರ್ಮಾದಲ್ಲಿ ಬಿಸ್ಕತ್ತು ಮಾಡಲು ಕಲಿತು ಬಂದು 1880ರಲ್ಲಿ ರಾಯಲ್ ಬಿಸ್ಕತ್ ಫ್ಯಾಕ್ಟರಿ ತೆರೆದಿದ್ದರು. 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ಸಾಹೇಬ ಇಂಗ್ಲೆಂಡಿನ ಕೇಕು ತಂದು ತೋರಿಸಿ, ಇಂಥದ್ದೇ ಮಾಡಿಕೊಡು, ಪಕ್ಕದ ಫ್ರೆಂಚರ ಊರು ಮಾಹೆಯಿಂದ ಫ್ರೆಂಚ್ ಬ್ರಾಂಡಿ ತಂದು ಹಾಕು ಅಂದನಂತೆ. ಬಾಪು ಬ್ರಾಂಡಿ ಬಿಟ್ಟು ಗೇರುಹಣ್ಣು, ಕದಳಿ ಬಾಳೆಹಣ್ಣಿನಿಂದ ಇಳಿಸಿದ ನಾಡ ಸಾರಾಯಿ ಹಾಕಿದರು ಅನ್ನೋದು ಆ ಮನೆತನದಲ್ಲಿ ಹೇಳಿಕೊಂಡು ಬಂದ ಕಥೆ. ಸಾಹೇಬನಿಗೆ ಹಿಡಿಸಿತು, ಇನ್ನೊಂದು ಡಜನ್ ಹೇಳಿದ. ಬಾಪುವಿಗೆ ತನ್ನ ಸಾರಾಯಿ ಏನು ಮಾಡುತ್ತದೆ ಅಂತ ಗೊತ್ತಿತ್ತು. ನನ್ನ ಹಾಗೆ ಪ್ಯಾಕೆಟ್ಟಿನ ಚಿತ್ರ ನೋಡಿ ಸುರಿದವರಲ್ಲ.

ಈ ಮೇ ತಿಂಗಳಲ್ಲಿ ಊರಿಗೆ ಹೋದಾಗ ಒಂದು ಚೀಲ ಕವಳಿಕಾಯಿ ತಂದೆ, ಕೆಂಪಗೆ ತಿರುಗುತ್ತಿದ್ದದ್ದು. ಸೀಳಿ ಬೀಜ ತೆಗೆಯುವುದಕ್ಕೇ ಒಂದು ಮಧ್ಯಾಹ್ನ. ಕೈಗೆಲ್ಲಾ ಹಾಲು. ಎಣ್ಣೆ ಹಚ್ಚಿಕೊಳ್ಳಬೇಕಿತ್ತು, ಹಲಸಿನಹಣ್ಣು ಬಿಡಿಸುವವಳಿಗೆ ಇದು ಹೊಳೆಯಲಿಲ್ಲ ನೋಡಿ. ಒಂದು ರಾತ್ರಿ ಉಪ್ಪು ನೀರು, ಒಂದು ಕುದಿ, ಆಮೇಲೆ ತೆಳು ಪಾಕ. ದಿನಾ ಪಾಕ ಬಸಿದು ಸ್ವಲ್ಪ ಸಕ್ಕರೆ ಸೇರಿಸಿ ಕುದಿಸಿ ಮತ್ತೆ ಸುರಿಯುವುದು, ಒಂದು ವಾರ. ಮೊದಲ ದಿನವೇ ದಪ್ಪ ಪಾಕಕ್ಕೆ ಹಾಕಿದರೆ ಸಕ್ಕರೆ ಒಳಗೆ ಹೋಗುವ ಮೊದಲು ನೀರು ಹೊರಗೆ ಬಂದು ಕಾಯಿ ಸುಕ್ಕಾಗುತ್ತದೆ. ನೆಲ್ಲಿಕಾಯಿ ಮೊರಬ್ಬ ಮಾಡುವವರು ಇದನ್ನೇ ಮಾಡೋದು. ಬಣ್ಣ ಹಾಕಲಿಲ್ಲ. ಕೊನೆಗೆ ಹಳೇ ಇಟ್ಟಿಗೆ ಬಣ್ಣಕ್ಕೆ ಬಂತು. ಪೇಸ್ಟ್ರಿ ಮೇಲೆ ಇಟ್ಟರೆ ಯಾರೂ ಚೆರ್ರಿ ಅನ್ನಲ್ಲ. ಆದರೆ ಹುಳಿ ಇದೆ, ಬೇಣದ ಆ ಒಗರೂ ಕೊನೆಯಲ್ಲಿ ಸ್ವಲ್ಪ ಬರುತ್ತದೆ.

ಅದೇ ಚೀಲದಲ್ಲಿ ಆಯಿ ಸುಕೇಳಿ ಕಟ್ಟಿಕೊಟ್ಟಿದ್ದಳು. ಗೊತ್ತಿಲ್ಲದವರಿಗೆ: ಸುಲಿದ ಬಾಳೆಹಣ್ಣನ್ನು ಬಿಸಿಲಿಗೆ ಒಣಗಿಸಿದ್ದು. ಬೇಸಿಗೆಯಲ್ಲಿ ಅಡಿಕೆ ಒಣಗುವ ಅಂಗಳದಲ್ಲೇ ಒಂದು ಮೂಲೆ ಅದಕ್ಕೆ. ಕಂದು ಬಣ್ಣ, ಅಂಟು, ಜೇನಿನಂಥ ಸಿಹಿ. ಹೊರಗಿನಿಂದ ಒಂದು ಹನಿ ಸಕ್ಕರೆ ಇಲ್ಲ, ಎಣ್ಣೆ ಇಲ್ಲ, ಎಸೆನ್ಸ್ ಇಲ್ಲ. ಇದನ್ನು ಸಣ್ಣಗೆ ಹೆಚ್ಚಿ ಖರ್ಜೂರದ ಕೇಕಿಗೆ ಖರ್ಜೂರದ ಬದಲು ಹಾಕಿದೆ. ಒಂದೇ ಸಲಕ್ಕೆ ಬಂತು. ಖರ್ಜೂರ ಮಾಡುವ ಕೆಲಸವನ್ನೇ ಅದು ಮಾಡುತ್ತದೆ: ಕರಗುತ್ತದೆ, ತೇವ ಹಿಡಿಯುತ್ತದೆ, ಬಣ್ಣ ಕೊಡುತ್ತದೆ. ಬೆಂದ ಮೇಲೂ ಬಾಳೆಹಣ್ಣಿನ ವಾಸನೆ ಇತ್ತು. ಪುತ್ತೂರಿನ ಗೆಳತಿ ಕೊಟ್ಟ ಮಾಂಬಳ ಮಾತ್ರ ಕೈಕೊಟ್ಟಿತು. ಕಾಟುಮಾವಿನ ರಸವನ್ನು ಚಾಪೆ ಮೇಲೆ ಪದರ ಪದರವಾಗಿ ಒಣಗಿಸಿದ್ದಲ್ವಾ, ಬೇಯಿಸಿದರೆ ಚಕ್ಕೆ ಚಕ್ಕೆ ಚರ್ಮವಾಗುತ್ತದೆ. ಅದನ್ನು ಹಾಗೇ ತಿನ್ನಬೇಕು. ಮಡಿಕೇರಿಗೆ ಹೋದವರು ತಂದುಕೊಡುವ ಹಸಿರು ಕಿವಿ, ಕೆಂಪು ಸ್ಟ್ರಾಬೆರಿ ಚೂರುಗಳನ್ನೂ ಅಷ್ಟೇ, ನಾನು ಈಗ ಮೊದಲು ಲೋಟದ ಬಿಸಿನೀರಿಗೆ ಹಾಕುತ್ತೇನೆ. ಹತ್ತು ನಿಮಿಷದ ನಂತರ ಉಳಿದ ಚೂರನ್ನು ತಿಂದು ನೋಡಿ, ಏನಾದರೂ ಇದ್ದರೆ ಕೇಕಿಗೆ. ಇಲ್ಲದಿದ್ದರೆ ಆ ನೀರನ್ನೇ ಕುಡಿಯಬಹುದು.

ತಮ್ಮನ ಪ್ಯಾಕೆಟ್ಟಿನ ಕೊನೆಯ ಎರಡು ಹಿಡಿ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟಿದ್ದೆ. ಮೊನ್ನೆ ಭಾನುವಾರ ಅತ್ತೆ ಕೇಸರಿಬಾತ್ ಮಾಡಿದರು. ದ್ರಾಕ್ಷಿ ಮುಗಿದಿತ್ತು. ಯಾರನ್ನೂ ಕೇಳದೆ ಆ ಡಬ್ಬಿ ತೆಗೆದಿದ್ದಾರೆ. ನಾನು ಬರುವ ಹೊತ್ತಿಗೆ ಒಲೆ ಆರಿಸಿ, ಏಲಕ್ಕಿ ಪುಡಿ ಉದುರಿಸುತ್ತಿದ್ದರು. ಅದರ ಹಿಂದೆಯೇ ಕ್ರ್ಯಾನ್‌ಬೆರಿ ಸುರಿದು, ಒಂದು ಸಲ ಕೈಯಾಡಿಸಿ, ತಟ್ಟೆ ಮುಚ್ಚಿದರು.

"ತುಪ್ಪದಲ್ಲಿ ಹುರೀಲಿಲ್ವಾ ಅತ್ತೆ?"

"ವಾಸ್ನೆ ಇರೋದನ್ನ ಯಾರಾದ್ರೂ ಬೆಂಕಿ ಮೇಲೆ ಇಡ್ತಾರಾ?"

ಐದು ನಿಮಿಷಕ್ಕೆ ತಟ್ಟೆ ತೆಗೆದರು. ಕೇಸರಿಬಾತಿನಿಂದ ಕಿತ್ತಳೆ ಪೆಪ್ಪರ್‌ಮಿಂಟಿನ ವಾಸನೆ ಬಂತು, ಮೊದಲ ದಿನ ಬಂದಿದ್ದ ಹಾಗೇ. ತಿಂದರೆ ಬಾಯಲ್ಲೂ ಇತ್ತು. ಅತ್ತೆ ಎರಡು ಚಮಚ ತಿಂದು ಯೋಚನೆ ಮಾಡಿದರು. ಈ ದ್ರಾಕ್ಷಿ ಯಾಕೋ ಸ್ವಲ್ಪ ಹುಳಿ ಅಂದರು. ಆಮೇಲೆ ನನ್ನ ಮಗನಿಗೆ ಬಡಿಸುವಾಗ ಅವುಗಳನ್ನೇ ಆರಿಸಿ ಆರಿಸಿ ಅವನ ತಟ್ಟೆಗೆ ಹಾಕಿದರು.